ಮಕ್ಕಳು ಲೆಕ್ಕ ಕೇಳಲು ಬಂದಾಗ

ನಮ್ಮ ಮಕ್ಕಳಿಗೆ ಸ್ಪರ್ಧೆಗಳ ಕೊರತೆಯೇನೂ ಇಲ್ಲ. ಭಾಷಣ, ಪ್ರಬಂಧ, ಚಿತ್ರ, ಗಾಯನ, ಓಟ ಎಂದು ವರ್ಷದುದ್ದಕ್ಕೂ ಒಂದಿಲ್ಲೊಂದು ನಡೆದೇ ಇರುತ್ತದೆ. ಗೆದ್ದ ಮಗು ಪ್ರಶಸ್ತಿಪತ್ರವನ್ನು ತಂದು ಗೋಡೆಗೆ ತೂಗುಹಾಕುತ್ತದೆ. ಸೋತ ಮಗು ನಾಲ್ಕು ದಿನ ಮುಖ ಸಪ್ಪಗೆ ಮಾಡಿಕೊಂಡಿದ್ದು ಮರೆತುಬಿಡುತ್ತದೆ. ಆದರೆ ಸೋತ ಮಕ್ಕಳಿಂದಲೂ ಊರಿಗೆ ಪ್ರಯೋಜನವಾಗಬಹುದಾದ ಸ್ಪರ್ಧೆಯು ಅಪರೂಪವಾದುದು. ಅಂತಹದೊಂದರ ವಿಚಾರವನ್ನು ಈ ತಿಂಗಳು ನಮ್ಮ ಗೃಹಸ್ಥ ವಾಚಕರ ಮುಂದಿಡಲು ಬಯಸುತ್ತೇವೆ. ಏಕೆಂದರೆ ಅದರ ಸಾಫಲ್ಯವು ಮಕ್ಕಳ ಜಾಣತನವನ್ನು ಎಷ್ಟು ಅವಲಂಬಿಸಿದೆಯೋ ಹಿರಿಯರಾದ ನಮ್ಮ ನಡತೆಯನ್ನೂ ಅಷ್ಟೇ ಅವಲಂಬಿಸಿರುತ್ತದೆ.

1993ನೆಯ ಇಸವಿಯಿಂದ ನಮ್ಮ ದೇಶದಲ್ಲಿ ಮಕ್ಕಳ ವಿಜ್ಞಾನ ಸಮಾವೇಶವೆಂಬುದು ನಡೆದು ಬಂದಿರುತ್ತದೆ. ಕೇಂದ್ರ ಸರಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಆಶ್ರಯ ಅದಕ್ಕುಂಟು. ಕರ್ನಾಟಕದಲ್ಲಿ ಅದರ ಹೊಣೆಯನ್ನು ಹೊತ್ತು ಬಂದುದು 1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ಹತ್ತರಿಂದ ಹದಿನೇಳು ವರ್ಷದೊಳಗಿನ ಮಕ್ಕಳು ಸಣ್ಣ ತಂಡ ಕಟ್ಟಿಕೊಂಡು, ಒಬ್ಬ ಮಾರ್ಗದರ್ಶಕರ ನೆರವಿನಿಂದ ತಮ್ಮ ಊರಿನದೇ ಒಂದು ಸಮಸ್ಯೆಯನ್ನು ಆರಿಸಿಕೊಳ್ಳಬೇಕು. ಮನೆಮನೆಗೆ ಹೋಗಿ, ಅಳೆದು, ಎಣಿಸಿ, ಕೇಳಿ ಅಂಕಿಗಳನ್ನು ಕೂಡಿಸಬೇಕು. ಆ ಅಂಕಿಗಳು ಏನು ಹೇಳುತ್ತವೆಂಬುದನ್ನು ಬಿಡಿಸಿ ನೋಡಿ ಪರಿಹಾರವನ್ನು ಸೂಚಿಸಬೇಕು. ಜಿಲ್ಲೆಯಲ್ಲಿ ಆರಿಸಲ್ಪಟ್ಟವರು ರಾಜ್ಯದ ಸಮಾವೇಶಕ್ಕೂ, ಅಲ್ಲಿಂದ ರಾಷ್ಟ್ರದ ಸಮಾವೇಶಕ್ಕೂ ಹೋಗುವರು. ವರ್ಷಕ್ಕೊಂದು, ಕೆಲವೊಮ್ಮೆ ಎರಡು ವರ್ಷಕ್ಕೊಂದು ಮುಖ್ಯ ವಿಷಯವನ್ನು ಗೊತ್ತುಮಾಡುವುದುಂಟು: 2012ರಲ್ಲಿ ಶಕ್ತಿಸಂಪನ್ಮೂಲ, 2014ರಲ್ಲಿ ಹವೆ ಮತ್ತು ಹವಾಮಾನ, ಹೀಗೆ. ಇದಕ್ಕೆ ಬೆಲೆಯುಳ್ಳ ಯಂತ್ರ ಬೇಕಿಲ್ಲ, ಪ್ರಯೋಗಶಾಲೆ ಬೇಕಿಲ್ಲ. ಒಂದು ವಹಿ, ಒಂದು ಸೀಸದ ಕಡ್ಡಿ, ನಡೆಯಲು ಕಾಲು, ಕೇಳಲು ಬಾಯಿ, ಇವಿಷ್ಟಿದ್ದರೆ ಆರಂಭಕ್ಕೆ ಸಾಕು.

ಊರಿನ ಲೆಕ್ಕವನ್ನು ಸರಕಾರ ಇಟ್ಟಿಲ್ಲವೇ, ಮಕ್ಕಳೇಕೆ ಎಣಿಸಬೇಕು ಎಂದು ಕೆಲವರು ಕೇಳಬಹುದು. ಸರಕಾರದ ಲೆಕ್ಕ ದೊಡ್ಡದು. ಆದರೆ ಅದು ದೂರದಿಂದ ನೋಡಿದ ಗುಡ್ಡದಂತೆ. ಹತ್ತು ವರ್ಷಕ್ಕೊಮ್ಮೆ ನಡೆಯತಕ್ಕ ಜನಗಣತಿಯು 2011ರಲ್ಲಿ ಆದ ಮೇಲೆ 2021ರಲ್ಲಿ ಆಗಬೇಕಾಗಿದ್ದುದು ಆ ವರ್ಷ ಆಗಲೇ ಇಲ್ಲ. ಮೇಲಾಗಿ ಯಾವ ಓಣಿಯ ನಲ್ಲಿಯಲ್ಲಿ ಎಷ್ಟು ಹೊತ್ತು ನೀರು ಬರುತ್ತದೆ, ಯಾವ ಮನೆಯ ಹುಡುಗಿ ಏಳನೆಯ ಇಯತ್ತೆಯ ನಂತರ ಶಾಲೆಗೆ ಹೋಗಲಿಲ್ಲ ಎಂಬುದು ದೊಡ್ಡ ಲೆಕ್ಕದಲ್ಲಿ ಕಾಣುವ ಮಾತಲ್ಲ. ಅದನ್ನು ಕಾಣಬಲ್ಲವರು ಆ ಓಣಿಯಲ್ಲಿ ಆಡಿ ಬೆಳೆದವರೇ.

ಮಾತು ಹೊಲಬು ತಪ್ಪದಿರಲೆಂದು ಒಂದು ಊರನ್ನೇ ಕಣ್ಣಮುಂದೆ ಇಟ್ಟುಕೊಳ್ಳೋಣ. ಬಾಗಲಕೋಟೆ ಜಿಲ್ಲೆಯ ಗುಡೂರು, ಬಾದಾಮಿ, ಹುನಗುಂದ, ಇಲಕಲ್ಲುಗಳ ಸೀಮೆಯ ಊರು. ಬಿಳಿಜೋಳದ ನಾಡು, ಮಳೆ ಕಡಿಮೆ. ಇಲಕಲ್ಲ ಸೀರೆಯೆಂದು ನಾಡಿಗೆಲ್ಲ ಪರಿಚಿತವಾದ ಸೀರೆಯನ್ನು ನೇಯುವ ಮಗ್ಗಗಳು ಇಲಕಲ್ಲಿನಲ್ಲಿರುವಂತೆ ಇಲ್ಲಿಯೂ ಉಂಟು. ಇಂತಹ ಊರಿನ ಶಾಲೆಯ ಮಕ್ಕಳು ಏನನ್ನು ಎಣಿಸಬಹುದು?

ಮೊದಲನೆಯದು ನೀರು. ಹುನಗುಂದ, ಇಲಕಲ್ಲ ಕಡೆಯ ನೆಲ ಕಲ್ಲಿನ ನೆಲ. ಇಲಕಲ್ಲಿನ ಕೆಂಪು ಗ್ರಾನೈಟು ದೇಶಾಂತರಗಳಿಗೂ ಹೋಗಿದೆ. ಆ ಬಂಡೆಗಳ ಸಂದಿನಲ್ಲಿ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡೆಂಬ ಅಂಶವು ಕರಗಿ ಸೇರಿಕೊಳ್ಳುತ್ತದೆ. ಈ ಭಾಗದ ಹಲವು ಕೊಳವೆಬಾವಿಗಳಲ್ಲಿ ಅದು ಮಿತಿ ಮೀರಿರುವುದನ್ನು ಪರೀಕ್ಷೆಗಳು ತೋರಿಸಿರುತ್ತವೆ. ಒಂದು ಲೀಟರ್ ಕುಡಿಯುವ ನೀರಿನಲ್ಲಿ ಅದು ಒಂದು ಮಿಲಿಗ್ರಾಂ ಇದ್ದರೆ ಚಿಂತೆಯಿಲ್ಲ. ಬೇರೆ ನೀರೇ ಸಿಕ್ಕದಿದ್ದಲ್ಲಿ ಒಂದೂವರೆ ಮಿಲಿಗ್ರಾಂ ಕಡೆಯ ಎಲ್ಲೆ. ಅದಕ್ಕೂ ಮೀರಿದ ನೀರನ್ನು ಎಳೆಯ ವಯಸ್ಸಿನಲ್ಲಿ ವರ್ಷಗಟ್ಟಲೆ ಕುಡಿದ ಮಕ್ಕಳ ಹೊಸ ಹಲ್ಲುಗಳು ಸುಣ್ಣ ಬಳಿದಂತೆ ಮಂಕಾಗಿಯೋ ಕಂದು ಪಟ್ಟೆಗಳಿಂದ ಕೂಡಿಯೋ ಹುಟ್ಟುತ್ತವೆ. ಇನ್ನೂ ಹೆಚ್ಚಾದರೆ ವಯಸ್ಸಾದಂತೆ ಎಲುಬು ಕೀಲುಗಳೂ ಬಿಗಿಯುತ್ತವೆ. ಕುದಿಸಿದರೆ ನೀರು ಶುದ್ಧವೆಂದು ನಂಬಿದ ಗೃಹಿಣಿಯರು ಒಂದು ಮಾತನ್ನು ನೆನಪಿನಲ್ಲಿಡಬೇಕು: ಕುದಿಸುವುದರಿಂದ ಕ್ರಿಮಿಗಳು ಸಾಯುತ್ತವೆಯೇ ಹೊರತು ಫ್ಲೋರೈಡು ಹೋಗುವುದಿಲ್ಲ, ನೀರು ಬತ್ತಿದಷ್ಟೂ ಅದರ ಅಂಶವೇ ಹೆಚ್ಚುವುದು. ಕಣ್ಣಿಗೂ ನಾಲಗೆಗೂ ಸಿಕ್ಕದ ಇದನ್ನು ಪರೀಕ್ಷೆಯಿಂದಲೇ ತಿಳಿಯಬೇಕು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ ಹಳ್ಳಿಯ ಸ್ತ್ರೀಯರಿಗೇ ನೀರು ಪರೀಕ್ಷಿಸುವ ತರಬೇತನ್ನು ಕೊಡುವ ಏರ್ಪಾಡಿದೆ. ಮಕ್ಕಳು ಅವರ ಜತೆಗೂಡಿ, ಯಾವ ಕೊಳವೆಬಾವಿಯ ನೀರು ಯಾವ ಮನೆಗಳಿಗೆ ಹೋಗುತ್ತದೆ, ಆ ಮನೆಗಳ ಮಕ್ಕಳ ಹಲ್ಲು ಹೇಗಿದೆ ಎಂಬುದನ್ನು ಊರಿನ ನಕ್ಷೆಯೊಂದರ ಮೇಲೆ ಗುರುತಿಸಿದರೆ, ಅದು ಆಟದ ಲೆಕ್ಕವಾಗಿ ಉಳಿಯಲಾರದು.

ಇಂತಹ ನಕ್ಷೆಯೊಂದು ಏನು ಮಾಡಬಲ್ಲುದೆಂಬುದಕ್ಕೆ ಲಂಡನ್ ಪಟ್ಟಣದ ಕಥೆಯುಂಟು. 1854ರಲ್ಲಿ ಅಲ್ಲಿ ಕಾಲರಾ ಬೇನೆ ಹಬ್ಬಿದಾಗ ಕೆಟ್ಟ ಗಾಳಿಯೇ ಕಾರಣವೆಂದು ಬಹುಜನರ ನಂಬಿಕೆ. ಜಾನ್ ಸ್ನೋ ಎಂಬ ವೈದ್ಯನು ಸತ್ತವರ ಮನೆಗಳನ್ನು ವಿಚಾರಿಸುತ್ತ ಹೋದನು. ಸಾವುಗಳೆಲ್ಲ ಬ್ರಾಡ್ ಬೀದಿಯ ಒಂದು ನೀರಿನ ಪಂಪಿನ ಸುತ್ತ ಕವಿದಿದ್ದುವು. ಅಲ್ಲಿಗೇ ನಿಂತಿದ್ದರೆ ಅದು ಬರಿಯ ಊಹೆಯಾಗುತ್ತಿತ್ತು. ಆತನು ಲೆಕ್ಕಕ್ಕೆ ಹೊಂದದವರನ್ನೂ ಹುಡುಕಿದನು. ಪಂಪಿನ ಸಮೀಪದಲ್ಲಿದ್ದ ಮದ್ಯದ ಕಾರಖಾನೆಯ ಕೆಲಸಗಾರರು ಸಾಯಲಿಲ್ಲ, ಏಕೆ? ಅವರು ಆ ನೀರನ್ನು ಕುಡಿಯುತ್ತಿರಲಿಲ್ಲ. ಬಹುದೂರದ ಹ್ಯಾಂಪ್‌ಸ್ಟೆಡ್ಡಿನಲ್ಲಿ ಒಬ್ಬ ವಿಧವೆ ಸತ್ತಳು, ಏಕೆ? ಹಿಂದೆ ಬ್ರಾಡ್ ಬೀದಿಯಲ್ಲಿದ್ದ ಆಕೆ ಅಲ್ಲಿಯ ನೀರಿನ ರುಚಿಗೆ ಒಲಿದು, ಗಾಡಿಯಲ್ಲಿ ಅದನ್ನೇ ತರಿಸಿಕೊಳ್ಳುತ್ತಿದ್ದಳು. ಪಂಪಿನ ಹಿಡಿಕೆಯನ್ನು ತೆಗೆಯಿಸಲಾಯಿತು. ಅಷ್ಟರಲ್ಲಿ ಬೇನೆ ಇಳಿಮುಖವಾಗಿತ್ತಾದರೂ, ನೀರಿನ ಮೇಲಿನ ಸಂಶಯವು ಆಧಾರವುಳ್ಳ ಮಾತಾಯಿತು. ತನ್ನ ಅಭಿಪ್ರಾಯಕ್ಕೆ ಹೊಂದದ ಮನೆಯನ್ನು ಮುದ್ದಾಂ ಹುಡುಕಿಕೊಂಡು ಹೋಗುವುದೇ ಈ ವಿದ್ಯೆಯ ಮೊದಲ ಪಾಠ.

ಎರಡನೆಯ ಪಾಠ ಸರಾಸರಿಯದು. ಐದು ಮನೆಗಳನ್ನು ಕಲ್ಪಿಸಿಕೊಳ್ಳಿ. ನೀರು ತರಲು ಎರಡು ಮನೆಗಳಿಗೆ ದಿನಕ್ಕೆ ಹತ್ತು ಹತ್ತು ನಿಮಿಷ, ಎರಡಕ್ಕೆ ಹದಿನೈದು ಹದಿನೈದು ನಿಮಿಷ. ಊರ ಅಂಚಿನ ಐದನೆಯ ಮನೆಯಾಕೆಗೆ ನೂರು ನಿಮಿಷ. ಕೂಡಿಸಿ ಭಾಗಿಸಿದರೆ ಸರಾಸರಿ ಮೂವತ್ತು ನಿಮಿಷ. ಮೂವತ್ತು ನಿಮಿಷ ಹಿಡಿಯುವ ಮನೆ ಆ ಐದರಲ್ಲಿ ಒಂದೂ ಇಲ್ಲವೆಂಬುದನ್ನು ಗಮನಿಸಿರಿ. ಸಾಲಾಗಿ ನಿಲ್ಲಿಸಿ ನಡುವಿನ ಮನೆಯನ್ನು ನೋಡಿದರೆ ಹದಿನೈದು ನಿಮಿಷ; ಅದು ಬಹುಜನರ ಸ್ಥಿತಿಯನ್ನು ಚೆನ್ನಾಗಿ ಹೇಳುತ್ತದೆ. ಆದರೆ ಎರಡು ಲೆಕ್ಕಗಳಲ್ಲಿಯೂ ಆ ಐದನೆಯಾಕೆ ಮರೆಯಾದಳು! ಆದುದರಿಂದ ಅತಿ ಕಷ್ಟದಲ್ಲಿರುವ ಮನೆಯ ಅಂಕಿಯನ್ನು ಬೇರೆಯಾಗಿ ಬರೆದಿಡದ ಲೆಕ್ಕವು ಸರಿಯಾಗಿದ್ದರೂ ನ್ಯಾಯವಾದುದಲ್ಲ.

ಮೂರನೆಯದು ಪ್ರಶ್ನೆ ಕೇಳುವ ಬಗೆ. ನೇಕಾರರ ಮನೆಗೆ ಹೋಗಿ, "ದುಡಿಯುವವರು ಎಷ್ಟು ಮಂದಿ?" ಎಂದು ಕೇಳಿದರೆ, ಮಗ್ಗದ ಮೇಲೆ ಕುಳಿತವರನ್ನು ತೋರಿಸಿ "ಒಬ್ಬರೇ" ಎನ್ನುವರು. "ನೀವೇನು ಮಾಡ್ತೀರಿ ಅಮ್ಮಾ?" ಎಂದು ಮನೆಯಾಕೆಯನ್ನು ಕೇಳಿದರೆ, "ನಾ ಏನ್ ಮಾಡ್ತೀನೋ ತಮ್ಮಾ, ಮನ್ಯಾಗ ಇರ್ತೀನಿ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಆದರೆ ನೂಲು ಬಿಚ್ಚಿದವರಾರು? ಕಂಡಿಕೆ ಸುತ್ತಿದವರಾರು? ಇಲಕಲ್ಲ ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವ ಆ ಸೂಕ್ಷ್ಮ ಕೆಲಸಕ್ಕೆ ಕೈಕೊಟ್ಟವರಾರು? "ಒಂದು ಸೀರೆ ಮುಗಿಯುವವರೆಗೆ ಈ ಮನೆಯಲ್ಲಿ ಯಾರ ಯಾರ ಕೈ ಎಷ್ಟೆಷ್ಟು ತಾಸು ಅದಕ್ಕೆ ಹತ್ತಿತು?" ಎಂದು ಕೇಳಿದರೆ ಉತ್ತರವೇ ಬೇರೆಯಾದೀತು. 2019ರಲ್ಲಿ ಸರಕಾರವು ದೇಶದಲ್ಲಿ ನಡೆಯಿಸಿದ ಕಾಲಬಳಕೆಯ ಸಮೀಕ್ಷೆಯಲ್ಲಿ, ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗಿದ ಸ್ತ್ರೀಯರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಪುರುಷರು 97 ನಿಮಿಷಗಳನ್ನೂ ಅದಕ್ಕೆ ಕೊಡುತ್ತಿದ್ದರೆಂದು ಕಂಡುಬಂದಿತು. ದುಡಿಮೆಯನ್ನು ದುಡಿಮೆಯೆಂದು ಕೇಳದಿದ್ದರೆ ಅದು ಲೆಕ್ಕಕ್ಕೆ ಬರುವುದೇ ಇಲ್ಲ.

ನಾಲ್ಕನೆಯದು ಯಾರನ್ನು ಕೇಳಬೇಕೆಂಬುದು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕೆಂದು ಗೃಹಿಣಿಯರು ಬಲ್ಲರು. ಊರಿನ ಮನೆಗಳನ್ನೆಲ್ಲ ಕೇಳಲಾಗದಿದ್ದರೆ ಕೆಲವನ್ನು ಕೇಳಿ ಉಳಿದುವನ್ನು ತಿಳಿಯುವ ಶಾಸ್ತ್ರದ ಮರ್ಮವೂ ಅದೇ. ಆದರೆ ಅಗುಳಿನ ಮಾತು ಸಲ್ಲುವುದು ಒಂದೇ ಸಮನಾಗಿ ಬೆಂದ ಪಾತ್ರೆಗೆ ಮಾತ್ರ. ಊರು ಹಾಗೆ ಸಮನಾಗಿ ಬೆಂದ ಪಾತ್ರೆಯಲ್ಲ. ಪೇಟೆಯ ಬೀದಿಯ ಹತ್ತು ಮನೆಗಳು ಕೇರಿಯ ಹತ್ತು ಮನೆಗಳ ಪರವಾಗಿ ಮಾತಾಡಲಾರವು. ಶ್ರಾವಣದಲ್ಲಿ ಕೇಳಿದ ನೀರಿನ ಲೆಕ್ಕವು ಯುಗಾದಿಯ ಬಿಸಿಲಿಗೆ ಹೊಂದಲಾರದು. ಆದುದರಿಂದ ಪ್ರತಿಯೊಂದು ಓಣಿಯಿಂದಲೂ, ಗುರುತು ಪರಿಚಯ ನೋಡದೆ, ಹತ್ತು ಮನೆಗೊಂದರಂತೆ ಆರಿಸಿಕೊಳ್ಳುವುದು ಲೇಸು. ಈ ಶಾಸ್ತ್ರವು ನಮಗೆ ಪರದೇಶದ ಸರಕೆಂದು ಯಾರೂ ತಿಳಿಯಬಾರದು. ಲೋಕವಿಖ್ಯಾತ ಸಂಖ್ಯಾಶಾಸ್ತ್ರಜ್ಞರಾದ ಸಿ. ಆರ್. ರಾವ್ ಅವರು 1920ರಲ್ಲಿ ಹುಟ್ಟಿದ್ದು, ಗುಡೂರಿನ ಸೀಮೆಯಿಂದ ತುಂಗಭದ್ರೆಯಾಚೆಗಿರುವ ನಮ್ಮ ಹೂವಿನಹಡಗಲಿಯಲ್ಲಿ. 1945ರಲ್ಲಿ ಅವರು ಬರೆದ ಲೇಖನವೊಂದು ಈ ವಿದ್ಯೆಯ ಅಡಿಗಲ್ಲುಗಳಲ್ಲೊಂದಾಯಿತು. 2023ರಲ್ಲಿ, ನೂರೆರಡರ ವಯಸ್ಸಿನಲ್ಲಿ, ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪಾರಿತೋಷಕವು ಅವರಿಗೆ ಸಂದಿತು. ಅದೇ ವರ್ಷ ಅವರು ತೀರಿಕೊಂಡರು.

ಇಷ್ಟು ಮಕ್ಕಳ ಮಾತಾಯಿತು. ಇನ್ನು ಹಿರಿಯರ ಮಾತು.

ಈ ಸ್ಪರ್ಧೆಯನ್ನು ಕೆಡಿಸತಕ್ಕ ರೋಗಗಳು ಎರಡು. ಒಂದು, ಬಹುಮಾನದ ಆಸೆಯಿಂದ ಅಂಕಿಗಳನ್ನು ಮನೆಯಲ್ಲಿಯೇ ಕುಳಿತು ಹುಟ್ಟಿಸುವುದು. ಮಗುವಿಗೆ ಮನೆಮನೆ ತಿರುಗಲು ಹೊತ್ತಿಲ್ಲವೆಂದು ತಂದೆಯೋ ಅಣ್ಣನೋ ರಾತ್ರಿ ದೀಪದ ಮುಂದೆ ಕುಳಿತು ಐವತ್ತು ಮನೆಗಳ ಕೋಷ್ಟಕವನ್ನು ತುಂಬಿಬಿಡುವುದು ಅಲ್ಲಲ್ಲಿ ನಡೆಯುವ ಮಾತು. ಇದು ಪ್ರೀತಿಯಲ್ಲ, ಮಗುವಿಗೆ ಸುಳ್ಳಿನ ಅಕ್ಷರಾಭ್ಯಾಸ. ಸುಳ್ಳು ಪ್ರಬಂಧ ಬರೆದವನು ತನಗೊಬ್ಬನಿಗೇ ಕೇಡು ಮಾಡಿಕೊಳ್ಳುತ್ತಾನೆ. ಕೆಟ್ಟ ನೀರನ್ನು ಒಳ್ಳೆಯದೆಂದು ಬರೆದ ಸುಳ್ಳು ಅಂಕಿಯು ಇನ್ನೊಬ್ಬರ ಮನೆಯ ಕೂಸಿನ ಹಲ್ಲಿಗೂ ಎಲುಬಿಗೂ ಮುಳ್ಳಾಗುತ್ತದೆ. ನಾಲ್ಕು ಮನೆಗಳವರು ಉತ್ತರ ಕೊಡದಿದ್ದರೆ "ನಾಲ್ಕು ಮನೆಗಳವರು ಉತ್ತರ ಕೊಡಲಿಲ್ಲ" ಎಂದು ಬರೆಯುವ ಧೈರ್ಯವನ್ನು ಮಕ್ಕಳಿಗೆ ಕಲಿಸಬೇಕು. ಲೆಕ್ಕದಲ್ಲಿ ಬಿಟ್ಟ ಜಾಗವು ಅವಮಾನವಲ್ಲ.

ಎರಡನೆಯ ರೋಗವು ಬಾಗಿಲಲ್ಲಿ ನಿಂತ ಮಗುವಿಗೆ ನಾವು ಕೊಡುವ ಉತ್ತರದಲ್ಲಿದೆ. ಶೌಚಗೃಹ ಇಲ್ಲದಿದ್ದರೂ ಇದೆಯೆನ್ನುವುದು, ಮಗಳು ಶಾಲೆ ಬಿಟ್ಟಿದ್ದರೂ ಹೋಗುತ್ತಾಳೆನ್ನುವುದು, ಸಾಲವನ್ನು ಮುಚ್ಚಿಡುವುದು, ಇಲ್ಲವೆ "ಹೋಗ್ರೋ, ಓದಿಕೊಳ್ರಿ" ಎಂದು ಗದರಿಸಿ ಕಳುಹುವುದು. ಮಾನದ ಅಂಜಿಕೆಯಿಂದ ಜನರು ಹೀಗೆ ಮಾಡುವುದನ್ನು ನಾವು ಅರಿಯದವರಲ್ಲ. ಅದಕ್ಕೆ ತಕ್ಕ ಕಟ್ಟಳೆಯನ್ನು ಮಕ್ಕಳೂ ಪಾಲಿಸಬೇಕು: ವಹಿಯಲ್ಲಿ ಮನೆಯ ಹೆಸರು ಬೇಡ, ಸಂಖ್ಯೆ ಮಾತ್ರ ಇರಲಿ, ಒಂದು ಮನೆಯಲ್ಲಿ ಕೇಳಿದುದನ್ನು ಇನ್ನೊಂದು ಮನೆಯಲ್ಲಿ ಆಡಕೂಡದು, ಹೇಳಲೊಲ್ಲದವರನ್ನು ಕಾಡಕೂಡದು. ಇಷ್ಟು ನಂಬಿಕೆಯನ್ನು ಮಕ್ಕಳು ಕೊಟ್ಟರೆ, ನಿಜವನ್ನು ಹೇಳುವ ಋಣ ನಮ್ಮದು.

ಕೊನೆಯದಾಗಿ ಒಂದು ಮಾತು. ಊರಿನಿಂದ ಸಂಗ್ರಹಿಸಿದ ಲೆಕ್ಕವು ಊರಿಗೆ ಮರಳಬೇಕು. ಜಿಲ್ಲೆಯ ವೇದಿಕೆಯಲ್ಲಿ ಓದಿ, ಚಪ್ಪಾಳೆ ತಟ್ಟಿಸಿಕೊಂಡು, ಕಾಗದಗಳನ್ನು ಅಟ್ಟಕ್ಕೆಸೆದರೆ ಉತ್ತರ ಕೊಟ್ಟ ಮನೆಗಳಿಗೆ ದ್ರೋಹ ಬಗೆದಂತೆ. ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ಗ್ರಾಮಸಭೆಯಿರುವಂತೆ ಮಕ್ಕಳ ಗ್ರಾಮಸಭೆಯನ್ನು ನಡೆಯಿಸುವ ಪದ್ಧತಿಯೂ ಇದೆ. ಅದು ಹಾರ ತುರಾಯಿಗಳ ಸಭೆಯಾಗದೆ, "ನಮ್ಮ ಊರಿನಲ್ಲಿ ಇಂತಿಷ್ಟು ಕೊಳವೆಬಾವಿಗಳ ನೀರನ್ನು ಪರೀಕ್ಷಿಸಿದೆವು, ಇಂತಿಷ್ಟರ ನೀರು ಕುಡಿಯಲು ತಕ್ಕುದಲ್ಲ, ಅದನ್ನು ಇಂತಿಷ್ಟು ಮನೆಗಳವರು ಕುಡಿಯುತ್ತಿದ್ದಾರೆ" ಎಂದು ಒಬ್ಬ ಹುಡುಗಿ ಎದ್ದು ನಿಂತು ಓದುವ ಸಭೆಯಾಗಲಿ. ಹಾಗೆ ಓದಿದ ಮೇಲೆ ಊರಿನ ಹಿರಿಯರು "ನಮಗೆ ಗೊತ್ತಿರಲಿಲ್ಲ" ಎನ್ನಲು ಬಾರದು. ಆ ಹುಡುಗಿಗೆ ಬಹುಮಾನ ಬಂದರೂ ಬರಲಿ, ಬಾರದಿದ್ದರೂ ಬಿಡಲಿ. ಕುಡಿಯಲಾಗದ ನೀರಿನ ಬಾವಿಗೆ ಕೆಂಪು ಬಣ್ಣದ ಗುರುತು ಬಿದ್ದು, ಅಲ್ಲಿಗೆ ಹೋಗುತ್ತಿದ್ದ ಕೊಡಗಳು ಬೇರೆ ದಾರಿ ಹಿಡಿದರೆ, ಆಕೆ ಗೆದ್ದಂತೆಯೇ ಎಂದು ನಾವು ಬಗೆಯುತ್ತೇವೆ.