ಪೈಪಿನ ಮಸಿ ಮತ್ತು ನಮ್ಮ ಗದ್ಯ

ಪೈಪು ಸೇದುವುದನ್ನು ಕುರಿತು ಬರೆಯಹೊರಟಾಗಲೆಲ್ಲ ನಮ್ಮ ಗದ್ಯಕ್ಕೆ ಒಂದು ಬಗೆಯ ಗತ್ತು ಬಂದುಬಿಡುತ್ತದೆ. ಬೀಡಿ ಚಟ, ಸಿಗರೇಟು ದುಶ್ಚಟ. ಪೈಪು ಮಾತ್ರ ತಾಳ್ಮೆ, ಚಿಂತನೆ, ಸಂಸ್ಕಾರ! ಹೊರನಾಡಿನ ನಮ್ಮ ಸಾಹಿತ್ಯಕೂಟಗಳಲ್ಲಿ ಈ ಭೇದ ಎಷ್ಟು ಸಹಜವಾಗಿ ನೆಲೆಸಿದೆಯೆಂದರೆ, ಅದನ್ನು ಪ್ರಶ್ನಿಸಿದವರೇ ಅರಸಿಕರೆನಿಸಿಕೊಳ್ಳುತ್ತಾರೆ. ಆ ಅಪವಾದವನ್ನು ಹೊತ್ತೇ ಇದನ್ನು ಬರೆಯುತ್ತಿದ್ದೇವೆ.

ಅದರಲ್ಲಿ ಕುಶಲತೆಯಿಲ್ಲವೆಂದು ನಾವು ಹೇಳುವುದಿಲ್ಲ. ತೇವ ಹೆಚ್ಚಿದ ತಂಬಾಕನ್ನು ಕಾಗದದ ಮೇಲೆ ಹರಡಿ, ಚಿವುಟಿದರೆ ಮುದ್ದೆಗಟ್ಟದಷ್ಟು ಆರಿಸಬೇಕು. ಬಟ್ಟಲಿನ ತಳದಲ್ಲಿ ಸಡಿಲವಾಗಿ, ಮೇಲೇರಿದಂತೆ ಬಿಗಿಯಾಗಿ ತುಂಬಬೇಕು. ಸೇದಿದ ಪೈಪು ತಣ್ಣಗಾಗುವ ಮುನ್ನ ಕೊಳವೆಯನ್ನು ಕಳಚಕೂಡದು. ಸ್ಪಿರಿಟ್ಟಿನಲ್ಲಿ ಅದ್ದಿದ ನಾರಿನ ಕಡ್ಡಿಯನ್ನು ಅದರೊಳಗೆ ಮತ್ತೆ ಮತ್ತೆ ತೂರಿಸಿ ತೆಗೆಯಬೇಕು. ವಾಸನೆ ಕೂತಿದ್ದರೆ ಬಟ್ಟಲಿಗೆ ಉಪ್ಪು ತುಂಬಿ, ಸ್ಪಿರಿಟ್ ಹನಿಸಿ, ಒಂದು ರಾತ್ರಿ ಬಿಡಬೇಕು. ಬೆಳಗ್ಗೆ ಆ ಬಿಳಿ ಉಪ್ಪು ಕಂದಾಗಿರುತ್ತದೆ. ಕಡ್ಡಿಯಂತೂ ಕಪ್ಪು ಜಿಡ್ಡಿನಿಂದ ಅಂಟಂಟಾಗಿ ಹೊರಬರುತ್ತದೆ.

ನಮ್ಮ ಪ್ರಬಂಧಗಳು ಇಲ್ಲಿಗೇ ನಿಲ್ಲುತ್ತವೆ. ಮರದ ಕೊಳವೆಯಲ್ಲಿ ಇಷ್ಟು ಮಸಿ ಕಟ್ಟಿಸಿದ ಹೊಗೆ ಅದೇ ದಾರಿಯಿಂದ ಎಲ್ಲಿಗೆ ಹೋಯಿತು ಎಂದು ಅವು ಕೇಳುವುದಿಲ್ಲ. 'ಪೈಪಿನ ಹೊಗೆಯನ್ನು ಎದೆಗೆ ಎಳೆಯುವುದಿಲ್ಲವಲ್ಲ' ಎಂಬ ಸಮಾಧಾನ ಸಿದ್ಧವಾಗಿರುತ್ತದೆ. ಆದರೆ ಅದರ ಹೊಗೆ ಕ್ಷಾರಗುಣದ್ದು. ನಿಕೋಟಿನ್ ಬಾಯಿಯ ಒಳಪೊರೆಯಿಂದಲೇ ರಕ್ತಕ್ಕೆ ಸೇರುತ್ತದೆ. ಪೈಪಿಗೂ ತುಟಿಯ ಕ್ಯಾನ್ಸರಿಗೂ ಇರುವ ನಂಟನ್ನು ಜರ್ಮನ್ ವೈದ್ಯ ಸೋಮರಿಂಗ್ 1795ರಲ್ಲೇ ಗುರುತಿಸಿದ್ದ. ನಮಗೆ ಪೈಪು ತೊಳೆಯುವುದನ್ನು ಕಲಿಸಿದ ಹಿರಿಯರೊಬ್ಬರು ಕೂಟದಲ್ಲಿ ಗಮಕಿಗಳಂತೆ ಓದುತ್ತಿದ್ದರು. ನಾಲಗೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಅವರು ಹಿಂದಿನ ಸಾಲಿನಲ್ಲಿ ಕುಳಿತು ಕೇಳುತ್ತಾರೆ, ಅಷ್ಟೆ. ಅವರ ಪೈಪುಗಳನ್ನು ಕುರಿತು ನಾವು ಬರೆದೆವು. ಅವರ ಮೌನವನ್ನು ಕುರಿತು ಬರೆಯಲಿಲ್ಲ.

ಇನ್ನೊಂದು ಮೌನವೂ ಇದೆ. ಪುಣೆಯಿಂದ ಊರಿಗೆ ಹೊರಟ ನಮಗೆ ಗಡಿ ದಾಟಿದೊಡನೆ ಸಿಗುವುದು ನಿಪ್ಪಾಣಿ, ಬೀಡಿ ತಂಬಾಕಿನ ಊರು. ತಂಬಾಕಿಗೆ ನ್ಯಾಯವಾದ ಬೆಲೆ ಕೇಳಿ ಇದೇ ಹೆದ್ದಾರಿಯಲ್ಲಿ ಕುಳಿತ ರೈತರ ಮೇಲೆ 1981ರ ಏಪ್ರಿಲ್‌ನಲ್ಲಿ ಗೋಲಿಬಾರಾಗಿ ಸಾವುಗಳಾದವು. ಅಲ್ಲಿನ ವಖಾರಿಗಳಲ್ಲಿ ಹೆಂಗಸರು ಆ ಎಲೆಯ ಧೂಳನ್ನು ಉಸಿರಾಡುತ್ತ ದುಡಿದರು. ಕರಾವಳಿಯ ಮನೆಗಳಲ್ಲಿ ಹೆಂಗಸರು ನೆನೆಸಿದ ಎಲೆಯನ್ನು ಕತ್ತರಿಸಿ, ತಂಬಾಕು ತುಂಬಿ, ಸುರುಟಿ, ನೂಲು ಕಟ್ಟಿದರು; ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಅವರೂ ಮನೆಯಲ್ಲೇ ಕುಳಿತು ತಂಬಾಕನ್ನು ಹದಮಾಡಿದವರು. ಅವರ ಬೆರಳುಗಳ ಹದವನ್ನು ನಾವು ಎಂದಾದರೂ ಸಂಸ್ಕಾರವೆಂದು ಕರೆದೆವೇ?

ಯಾರ ಕೈಯಿಂದಲೂ ಪೈಪು ಕಸಿಯಲು ನಾವು ಬಂದಿಲ್ಲ. ಸೇದುವವರು ಸೇದಲಿ, ಬಿಡಬಲ್ಲವರು ಬಿಡಲಿ. ಆದರೆ ಚಟವನ್ನು ಚಟವೆಂದೇ ಬರೆಯೋಣ. ಬಟ್ಟಲಿನ ಹೊಳಪನ್ನು ವರ್ಣಿಸುವ ಲೇಖನಿ ಕಡ್ಡಿಗೆ ಅಂಟಿದ ಮಸಿಯನ್ನೂ ಎಲೆಯ ಧೂಳು ಕುಡಿದವರನ್ನೂ ವರ್ಣಿಸಲಿ. ಅಷ್ಟಾಗದಿದ್ದರೆ ನಮ್ಮ ಗದ್ಯ ಬರಿಯ ಜಾಹೀರಾತು. ತಂಬಾಕಿನ ಜಾಹೀರಾತನ್ನು ಈ ದೇಶದ ಕಾನೂನು 2003ರಲ್ಲೇ ನಿಷೇಧಿಸಿದೆ.