ಗುಡಿಯ ಜತೆ ಕೆರೆಯೂ ಉಳಿಯಲಿ

ಬೆಂಗಳೂರಿನ ಹೂಡಿಯಲ್ಲಿ ಮೆಟ್ರೊ ಹತ್ತಿ ವೈಟ್‌ಫೀಲ್ಡ್ ಕಡೆಗೆ ಹೊರಟವರಿಗೆ ಪಟ್ಟಂದೂರು ಅಗ್ರಹಾರ ಒಂದು ನಿಲ್ದಾಣವಷ್ಟೇ. ಆ ಊರಿಗೆ ಸಾವಿರ ವರ್ಷದ ಹತ್ತಿರದ ದಾಖಲೆಯಿದೆ.

ಹತ್ತಿರದ ಕಾಡುಗೋಡಿಯ ಕಾಶಿ ವಿಶ್ವನಾಥೇಶ್ವರ ದೇವಸ್ಥಾನದ ತಮಿಳು ಶಾಸನ ಕ್ರಿ.ಶ. 1043ರದು, ರಾಜೇಂದ್ರ ಚೋಳನ ಕಾಲದ್ದು. ಪೆರ್ಮಾಡಿ ಗಾವುಂಡನ ಮಗ ರಾಜರಾಜ ವೇಳಾನ್ ಪಟ್ಟಂದೂರಿನಲ್ಲಿ ಕೆರೆ ಕಟ್ಟಿಸಿ, ತೂಬು ಇಡಿಸಿ, ಗಣಪತಿ, ದುರ್ಗೆ, ಕ್ಷೇತ್ರಪಾಲರನ್ನು ಪ್ರತಿಷ್ಠಾಪಿಸಿದ್ದನ್ನು ಅದು ಹೇಳುತ್ತದೆ. ದೇವರಿಗೂ ನೀರಿಗೂ ಒಂದೇ ಕಲ್ಲು!

ಇಂಥ ಶಾಸನಗಳಿರುವ ಹಳೆಯ ಗುಡಿಗಳ ಜೀರ್ಣೋದ್ಧಾರವೆಂದರೆ ಈಗ ಬಹಳ ಕಡೆ ಗ್ರಾನೈಟ್, ಸಿಮೆಂಟು, ಬಣ್ಣ. ಭಕ್ತರ ಶ್ರದ್ಧೆ ದೊಡ್ಡದು, ನಿಜ. ಆದರೆ ಬಣ್ಣ ಮೆತ್ತಿಕೊಂಡ ಅಕ್ಷರವನ್ನು ಓದುವವರಾರು?

ಬೆಂಗಳೂರಿನ ಶಾಸನಗಳನ್ನು ಮಿಥಿಕ್ ಸೊಸೈಟಿ ಎಂಬ ಸಂಸ್ಥೆ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸುತ್ತಿದೆ. ಹಳೆಯ ಗುಡಿಗೆ ಗಾರೆಯವರು ಕೈಹಾಕುವ ಮೊದಲೇ ಈ ಕೆಲಸ ಕಡ್ಡಾಯವಾಗಬೇಕು. ಕಾಡುಗೋಡಿ ಶಾಸನದ ಕನ್ನಡ ಸಾರಾಂಶ ಪಟ್ಟಂದೂರು ನಿಲ್ದಾಣದ ಗೋಡೆಯ ಮೇಲೆ ಬರಬೇಕು. ಪಟ್ಟಂದೂರಿನ ಕೆರೆಯಂಗಳ ಒಂದು ಗುಂಟೆಯೂ ಕಿರಿದಾಗಬಾರದು.