ಊರ ಬಾಗಿಲಿಗೆ ಬೀಗ ಹಾಕುವವರು ಯಾರು?

ಮುಂಬಯಿ ಕನ್ನಡಿಗರಾದ ನಾವು ಊರಿಗೆ ಹೋಗುವುದು ಪ್ರವಾಸಕ್ಕಲ್ಲ, ಮನೆಗೆ. ಈ ಸರಳ ಸಂಗತಿಯನ್ನು ನಮ್ಮ ತಾಯ್ನಾಡಿನ ಸರಕಾರವೇ 2020ರಲ್ಲಿ ಮರೆಯಿತು. ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದು ಆ ವರ್ಷದ ಮೇ 18ರಂದು ಸಾರಿತು. ಹೋಟೆಲು, ಕ್ಯಾಂಟೀನುಗಳು ಮುಚ್ಚಿ, ಮಲಗುವ ಜಾಗವನ್ನೂ ಕಳೆದುಕೊಂಡ ಉಡುಪಿ, ಮಂಡ್ಯ ಜಿಲ್ಲೆಗಳ ಹುಡುಗರು ಹೋಗುವುದಾದರೂ ಎಲ್ಲಿಗೆ? ನಾವು ದುಡಿದ ಹಣ ಊರಿಗೆ ಬರುವಾಗ ನಾವು ಊರ ಮಕ್ಕಳು. ನಾವೇ ಬಂದರೆ 'ಮುಂಬಯಿ ನಂಜು'! ಜೀರ್ಣೋದ್ಧಾರದ ರಸೀದಿ ಪುಸ್ತಕ ಹಿಡಿದು ನಮ್ಮಲ್ಲಿಗೆ ಬರುವವರಿಗೆ ಮಾತ್ರ ಯಾವ ಗಡಿಯೂ ಎಂದೂ ಅಡ್ಡ ಬಂದದ್ದಿಲ್ಲ.

ರೋಗದ ಭಯ ಸುಳ್ಳಾಗಿತ್ತೇ ಎಂದು ಕೇಳುವವರಿದ್ದಾರೆ. ಇರಲಿಲ್ಲ, ಒಪ್ಪೋಣ. ಸಂವಿಧಾನದ 19ನೆಯ ವಿಧಿ ದೇಶದಾದ್ಯಂತ ಸಂಚರಿಸುವ ಸ್ವಾತಂತ್ರ್ಯವನ್ನು ಕೊಟ್ಟಂತೆಯೇ, ಸಾರ್ವಜನಿಕ ಹಿತಕ್ಕಾಗಿ ಯುಕ್ತ ನಿರ್ಬಂಧಗಳಿಗೂ ಎಡೆಮಾಡಿದೆ. ಪರೀಕ್ಷಿಸಲಿ, ಹದಿನಾಲ್ಕು ದಿನ ಶಾಲೆಯ ಕೋಣೆಯಲ್ಲಿ ಇರಿಸಲಿ, ಅದು ನಿರ್ಬಂಧ. ಬರಲೇಬೇಡ ಎನ್ನುವುದು ಬಹಿಷ್ಕಾರ. ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಪಟ್ಟ ಪಾಡನ್ನು ಮರೆಯುವಂತಿಲ್ಲ. ತಡೆ ತೆರವುಗೊಳಿಸುವಂತೆ 2020ರ ಏಪ್ರಿಲ್ 1ರಂದು ಕೇರಳ ಹೈಕೋರ್ಟು ಕೇಂದ್ರಕ್ಕೆ ಹೇಳಬೇಕಾಯಿತು.

ಯುರೋಪಿನ ಕಡೆ ನೋಡೋಣ. 1985ರ ಜೂನ್ 14ರಂದು ಲಕ್ಸೆಂಬರ್ಗಿನ ಶೆಂಗೆನ್ ಎಂಬ ಹಳ್ಳಿಯಲ್ಲಿ ಐದು ದೇಶಗಳು ಒಪ್ಪಂದ ಮಾಡಿಕೊಂಡವು. 1995ರಿಂದ ಗಡಿ ತಪಾಸಣೆ ಕಳಚುತ್ತ ಬಂತು. ಕೊರೋನಾ ಬಂದಾಗ ಅಲ್ಲಿಯೂ ಗಡಿಗಳು ಮುಚ್ಚಿದ್ದು ನಿಜ. ಆದರೆ ಮುಚ್ಚುವುದಕ್ಕೂ ಅಲ್ಲಿ ಲಿಖಿತ ನಿಯಮವಿದೆ, ಕಾಲಮಿತಿಯಿದೆ. ಸ್ವಂತ ಪ್ರಜೆಯನ್ನು ಹೊರಗೆ ನಿಲ್ಲಿಸುವಂತಿಲ್ಲ. 2021ರ ಜುಲೈ 1ರಿಂದ ಯುರೋಪ್ ಒಕ್ಕೂಟದ 27 ದೇಶಗಳಲ್ಲಿ ಒಂದೇ ಬಗೆಯ ಪ್ರಮಾಣಪತ್ರ ಜಾರಿಗೆ ಬಂತು. ಅದೇ ತಿಂಗಳ 31ರಂದು ಕರ್ನಾಟಕವೇನು ಮಾಡಿತು? ಎರಡು ಡೋಸು ಲಸಿಕೆ ಆಗಿದ್ದರೂ ಮಹಾರಾಷ್ಟ್ರ, ಕೇರಳಗಳಿಂದ ಬರುವವರು 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ವರದಿ ತರಬೇಕೆಂದಿತು. ಭಾರತ ಸರಕಾರವೇ ಕೊಟ್ಟ ಲಸಿಕೆಯ ಪ್ರಮಾಣಪತ್ರ ನಿಪ್ಪಾಣಿಯ ಬಳಿಯ ಕೊಗನೊಳ್ಳಿ ನಾಕೆಗೆ ಸಾಲದಾಯಿತು! ಇಪ್ಪತ್ತೇಳು ದೇಶಗಳಿಗೆ ಸಾಧ್ಯವಾದುದು ಒಂದು ದೇಶದ ಎರಡು ರಾಜ್ಯಗಳಿಗೆ ಅಸಾಧ್ಯವೇ?

ಅಂತರರಾಜ್ಯ ಸಂಚಾರಕ್ಕೆ ತಡೆ ಒಡ್ಡಬಾರದೆಂದು ಕೇಂದ್ರ ಗೃಹ ಕಾರ್ಯದರ್ಶಿಗಳು 2020ರ ಆಗಸ್ಟ್ 22ರಂದೇ ರಾಜ್ಯಗಳಿಗೆ ಪತ್ರ ಬರೆದಿದ್ದರು. ಕೇಂದ್ರದ ಕಚೇರಿಯಲ್ಲಿ ಕಡತಗಳ ನಡುವೆ ದುಡಿಯುವ ನಮಗೆ ಪತ್ರದ ಆಯುಷ್ಯವೆಷ್ಟೆಂಬುದು ಗೊತ್ತು. ಬೇಕಾದುದು ಪತ್ರವಲ್ಲ, ಕಾನೂನು. ಊರಿಗೆ ಮರಳುವವನನ್ನು ಯಾವ ರಾಜ್ಯವೂ ಗಡಿಯಿಂದ ಹಿಂದಟ್ಟಬಾರದು. ಒಂದು ಕಡೆಯ ಪ್ರಮಾಣಪತ್ರ ಎಲ್ಲ ಕಡೆಯೂ ನಡೆಯಬೇಕು. ಹೊಸ ನಿಯಮ ಜಾರಿಗೆ ಬರುವ ಮೊದಲು ಜನರಿಗೆ ತಿಳಿಯಬೇಕು, ಕನ್ನಡದಲ್ಲೂ ಮರಾಠಿಯಲ್ಲೂ ತಿಳಿಯಬೇಕು. ರಾತ್ರಿ ಬಸ್ಸು ಹತ್ತಿದವನಿಗೆ ಬೆಳಗ್ಗೆ ನಾಕೆಯಲ್ಲಿ ತಿಳಿದರೆ ಏನು ಫಲ?

ನಾಟಕ, ಯಕ್ಷಗಾನ, ಸನ್ಮಾನಗಳಿಗೆ ಒಂದಾಗುವ ನಮ್ಮ ಸಂಘಗಳು ಈ ಮೂರು ಬೇಡಿಕೆಗಳಿಗಾಗಿ ಒಮ್ಮೆ ಒಂದಾಗಲಿ. ಬೆಂಗಳೂರಿಗೂ ದಿಲ್ಲಿಗೂ ಜಂಟಿ ಮನವಿ ಹೋಗಲಿ. ಮುಂದಿನ ರೋಗ ಹೇಳಿ ಕೇಳಿ ಬರುವುದಿಲ್ಲ. ಅದು ಬಂದ ದಿನ ಮನವಿ ಬರೆಯಲು ಕುಳಿತರೆ ಗೇಟು ಆಗಲೇ ಮುಚ್ಚಿರುತ್ತದೆ.